ಬಿಸಿಲಿನ ಮಚ್ಚೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಲೇಡೀಸ್ ಹಾಸ್ಟೆಲ್ಲಿನಲ್ಲಿ ಸಾರು ಬಡಿಸುತ್ತಿದ್ದ ಸಾವಂತ್ರವ್ವ. ಅವರ ಮುಂಗೈಯ ಬಿಳಿ ಮಚ್ಚೆ ಕಂಡು ನಾನು ತಟ್ಟೆ ಹಿಂದಕ್ಕೆಳೆದುಕೊಂಡ ದಿನ ಹೇಳಿದ್ದು.

ಮಠದ ಹೊಂಗೆಮರದ ಕೆಳಗೆ ಕುಳಿತಿದ್ದ ಗುರುಗಳನ್ನು ಶಿಷ್ಯ ಕೇಳಿದ: “ಬುದ್ಧಿ, ಹೊಸದಾಗಿ ಅಡುಗೆಗೆ ಬಂದ ಹೆಂಗಸಿಗೆ ತೊನ್ನಿದೆ. ಭಕ್ತರು ಪಂಕ್ತಿಯಿಂದ ಎದ್ದು ಹೋಗುತ್ತಿದ್ದಾರೆ. ಅವಳನ್ನು ಬಿಡಿಸಿಬಿಡಲೇ?”

“ಅಡುಗೆ ಕೆಟ್ಟಿತ್ತೋ?”

“ಇಲ್ಲ. ಎದ್ದವರೂ ಎರಡು ಸಲ ಪಾಯಸ ಹಾಕಿಸಿಕೊಂಡೇ ಎದ್ದರು.”

ಗುರುಗಳ ಮುಖ ಕೆಂಪಾಯಿತು. “ಕೂತುಕೋ,” ಎಂದು ಕತೆ ಹೇಳಿದರು.

ಒಬ್ಬ ವರ್ತಕ ವೀಳ್ಯದೆಲೆಯ ತೋಟ ಕೊಂಡ. ತೋಟ ನೋಡಿಕೊಳ್ಳಲು ಒಬ್ಬ ಮುದುಕಿ ಇದ್ದಳು. ಬಳ್ಳಿ ಹಬ್ಬಿದ ಮರಗಳ ಕೊಂಬೆ ಸವರುವವಳು ಅವಳೇ. ಅವಳ ಅಳತೆ ಒಂದೇ: ನಡುಮಧ್ಯಾಹ್ನ ಒಂದು ಬಿಳಿ ಪಂಚೆಯನ್ನು ನೆಲಕ್ಕೆ ಹಾಸುವಳು, ಅದರ ತುಂಬ ಬಿಸಿಲಿನ ಮಚ್ಚೆ ಬೀಳಬೇಕು. ಬಿಸಿಲು ಹೆಚ್ಚಾದರೆ ಎಲೆ ಸುಡುತ್ತದೆ, ಬೀಳದೇ ಹೋದರೆ ಬಳ್ಳಿ ಕೊಳೆಯುತ್ತದೆ.

ಒಂದು ದಿನ ವರ್ತಕ ಬೀಗನನ್ನು ತೋಟಕ್ಕೆ ಕರೆತಂದ. ಇಬ್ಬರ ಮುಖದ ಮೇಲೂ ಮಚ್ಚೆ ಬಿತ್ತು. ಬೀಗ ನಕ್ಕ. “ಏನು ಸಾಹುಕಾರರೇ, ನಿಮ್ಮ ತೋಟಕ್ಕೆ ಬಂದವರಿಗೆಲ್ಲ ತೊನ್ನು ಹತ್ತುತ್ತದಲ್ಲ!”

ಮರುದಿನವೇ ವರ್ತಕ ತೋಟದ ಮೇಲೆಲ್ಲ ತೆಂಗಿನ ಗರಿ ಹೊದಿಸಲು ಹೇಳಿದ.

“ಬೇಡ ಧಣಿ, ಬಳ್ಳಿ ಉಣ್ಣುವುದೇ ಆ ಮಚ್ಚೆಗಳನ್ನು,” ಎಂದಳು ಮುದುಕಿ.

“ಬೀಗರ ಮುಂದೆ ಮಾನ ಹೋದದ್ದು ನನ್ನದು, ನಿನ್ನದಲ್ಲ,” ಎಂದು ವರ್ತಕ ಅವಳನ್ನೇ ತೋಟದಿಂದ ಆಚೆ ಹಾಕಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಬಳ್ಳಿಗಳು ಬುಡದಿಂದ ಕೊಳೆತವು. ಅದೇ ಬೀಗ ಮತ್ತೆ ಬಂದ, ಉಂಡ, ಎಲೆಅಡಿಕೆಗೆ ಕೈ ಚಾಚಿದ. ತಟ್ಟೆಯಲ್ಲಿ ಬರೀ ಅಡಿಕೆ ಇತ್ತು. “ಎಲೆತೋಟದವರ ಮನೆಯಲ್ಲಿ ಎಲೆಯೇ ಇಲ್ಲವೇ?” ಎಂದು ಅದಕ್ಕೂ ನಕ್ಕ.

ಶಿಷ್ಯ ತಲೆ ಕೆರೆದುಕೊಂಡ. “ಆದರೆ ಬುದ್ಧಿ, ಅದು ಬಿಸಿಲು. ಇದು ಮೈಮೇಲಿನದು.”

ಹೊಂಗೆಯ ಎಲೆಗಳ ಸಂದಿನಿಂದ ಬಿಸಿಲು ಅವನ ತೋಳಿನ ಮೇಲೆ ಬಿದ್ದಿತ್ತು. ಗುರುಗಳು ಅದನ್ನು ಬೆರಳಿಟ್ಟು ತೋರಿಸಿದರು.

“ನಿನ್ನ ಮೈಮೇಲೂ ಇದೆ, ಈಗ ನಿನ್ನ ಪಕ್ಕದಿಂದ ನೀನೇ ಎದ್ದು ಹೋಗು, ನೋಡೋಣ.”



ಕತೆ ಮುಗಿಯುವವರೆಗೂ ಸಾವಂತ್ರವ್ವ ಸೌಟು ಎತ್ತಿ ಹಿಡಿದೇ ಇದ್ದರು. ನಾನು ತಟ್ಟೆ ಮುಂದಕ್ಕೆ ಸರಿಸಿದೆ. “ಬಾಜೂ ತಾಟಿನಾಕಿಗೂ ಹೇಳವಾ,” ಎಂದರು. ಪಕ್ಕದ ತಟ್ಟೆಯವಳಿಗೆ ಹೇಳಿದೆ. ಈಗ ನಿಮಗೆ ಹೇಳಿದ್ದೇನೆ. ನಿಮ್ಮ ಪಕ್ಕದಲ್ಲಿ ಉಣ್ಣಲು ಕೂತವರಿಗೆ ನೀವು ಹೇಳಿ.