ಬೆನ್ನ ಹಿಂದಿನ ಗೋಡೆ

ಹೊಳೆಯ ದಂಡೆಯಲ್ಲಿ ಒಂದು ಮಠ. ಅಲ್ಲಿಯ ಗುರುಗಳಾದ ಅಜ್ಜನವರ ಕೋಣೆಗೂ ಹೊಳೆಗೂ ನಡುವೆ ಕಾಂಕ್ರೀಟ್ ಗೋಡೆ ಏಳುತ್ತಿತ್ತು. ಕೋಣೆಯ ಹಿಂಗೋಡೆಯೂ ಅದೇ. ಕಟ್ಟುತ್ತಿದ್ದವನು ಶಿಷ್ಯ ಚೆನ್ನವೀರ. ಪ್ರವಾಹ ಬರುವುದರೊಳಗೆ ಗೋಡೆ ನಿಲ್ಲಬೇಕಿತ್ತು.

“ಒಂದು ಪಾಲು ಸಿಮೆಂಟು ಕಡಿಮಿ ಮಾಡು. ಆ ಜಾಗಕ್ಕ ಹಾರುಬೂದಿ ಹಾಕು,” ಎಂದರು ಅಜ್ಜನವರು.

ಕಲ್ಲಿದ್ದಲು ಉರಿದು ಉಳಿದ ನುಣ್ಣನೆಯ ಬೂದಿ ಅದು.

“ಅಜ್ಜಾರ, ಕಲಬೆರಕಿ ಆಗ್ತದ್ರಿ. ಉರಿದು ಹೋದದ್ದರಾಗ ಏನು ಕಸುವು?”

“ಮತ್ತ ಹಣೀಗೆ ಯಾಕ ಹಚ್ಗೊಂಡಿ?”

ಚೆನ್ನವೀರ ಬೂದಿ ಬೆರೆಸಿದ. ಆದರೆ ಗುರುವಿನ ಹಾಸಿಗೆಯ ಹಿಂದೆ ಮಾತ್ರ ಕೈ ಬರಲಿಲ್ಲ. ಅಲ್ಲಿ ಬರೀ ಸಿಮೆಂಟು ಹಾಕಿದ. ಯಾರಿಗೂ ಹೇಳಲಿಲ್ಲ. ಶಿವ ನೋಡುತ್ತಿದ್ದ.

ಕೆಲ ದಿನ ಕಳೆದು ಮೊಳೆಯಿಂದ ಗೀರಿ ನೋಡಿದ. ಸಿಮೆಂಟಿನ ಭಾಗ ಕಲ್ಲಾಗಿತ್ತು. ಬೂದಿ ಬೆರೆತ ಕಡೆ ಗೀರು ಬಿತ್ತು.

ಹಾರೆ ಹಿಡಿದು ಓಡಿಬಂದ.

“ಇನ್ನೂ ಮೆತ್ತಗೈತ್ರಿ! ಹೊಳಿ ಬರೂದ್ರಾಗ ಒಡದು ಕಟ್ತೀನ್ರಿ.”

“ಗೋಣಿತಟ್ಟು ಹೊಚ್ಚಿ ನೀರು ಉಣಿಸು.”

“ಬಿದ್ರ?”

“ನಿನ್ನ ಅವಸರಕ್ಕ ಅದು ಗಟ್ಟಿ ಆಗೂದಿಲ್ಲೋ. ಅದರ ಹೊತ್ತಿಗೆ ಆಗ್ತದ.”

ಚೆನ್ನವೀರ ಗೊಣಗುತ್ತಲೇ ನೀರು ಉಣಿಸಿದ. ಮಳೆಗಾಲ ಬಂತು. ಒಂದು ಮಧ್ಯಾಹ್ನ ಹೊಳೆ ಉಕ್ಕಿ ಗೋಡೆಯ ಎದೆಮಟ್ಟಕ್ಕೆ ಏರಿತು.

ಚೆನ್ನವೀರ ಗೋಡೆ ಮುಟ್ಟುತ್ತಾ ಓಡಿದ. ಬೂದಿಯ ಗೋಡೆಯ ಈಚೆ ಒಂದು ಹನಿ ಇಲ್ಲ. ಅಜ್ಜನವರ ಕೋಣೆಗೆ ಬಂದವನು ಬೆಚ್ಚಿದ. ಹಾಸಿಗೆಯ ಹಿಂದೆ ಗೋಡೆ ಬಿರಿದು ನೀರು ಚಿಮ್ಮುತ್ತಿತ್ತು. ಒದ್ದೆ ಚಾಪೆಯ ಮೇಲೆ ಅಜ್ಜನವರು ಜಪಕ್ಕೆ ಕೂತಿದ್ದರು.

“ಏಳ್ರಿ ಅಜ್ಜಾರ! ಹೊರಗ ಬರ್ರಿ!”

“ಇಲ್ಲೇ ಯಾಕ ಸೋರಾಕತ್ತೈತೋ?”

ಬಿರುಕು ಇನ್ನಷ್ಟು ಬಾಯಿ ಬಿಟ್ಟಿತು.

“ಇಲ್ಲಿ ಬೂದಿ ಹಾಕಿಲ್ರಿ. ನಿಮ್ಮ ಬೆನ್ನ ಹಿಂದ ಅದನ್ನ ಇಡಾಕ ಮನಸ್ಸು ಬರಲಿಲ್ರಿ. ಭಕ್ತಿಯಿಂದ ಮಾಡಿದ್ನ್ರಿ.”

“ಬರೀ ಸಿಮೆಂಟು ಗಟ್ಟಿ ಆಗೂ ಮುಂದ ಒಳಗೊಳಗ ಬಾಳ ಬಿಸಿ ಆಗ್ತದೋ. ಕಾದು ಬಿರೀತದ. ಬೂದಿ ಆ ಕಾವು ತಣಿಸ್ತದ. ತಾ ಆ ಗೋಣಿ.”

ಬಿರುಕಿಗೆ ಗೋಣಿ ತುರುಕಿದರು. ಅದನ್ನು ಒತ್ತಿ ಗುರು ಬೆನ್ನು ಕೊಟ್ಟರು. ಪಕ್ಕದಲ್ಲಿ ಶಿಷ್ಯನೂ ಕೊಟ್ಟ. ಆಚೆ ಹೊಳೆ ಗುದ್ದುತ್ತಿತ್ತು. ಒಂದೊಂದು ಗುದ್ದಿಗೂ ಚೆನ್ನವೀರ ಶಿವನಾಮ ಜಪಿಸಿದ. ಶಿವ ಕೈಬಿಡಲಿಲ್ಲ. ಸಂಜೆಗೆ ನೀರು ಇಳಿಯಿತು.

ಚೆನ್ನವೀರ ಗುರುಗಳ ಪಾದ ಹಿಡಿದು ಅತ್ತ.

“ಇಷ್ಟು ಭಾಗ ಒಡದು ಮತ್ತ ಕಟ್ತೀನ್ರಿ. ಬೂದಿ ಹಾಕೇ ಕಟ್ತೀನ್ರಿ.”

ಅಜ್ಜನವರು ಅವನ ಹಣೆಯಲ್ಲಿ ಅಳಿಸಿಹೋಗಿದ್ದ ವಿಭೂತಿಯನ್ನು ಮತ್ತೆ ಹಚ್ಚಿದರು.

“ಬರೀ ಗೋಡಿಗಲ್ಲೋ ಮರಿ. ಭಕ್ತಿಗೂ ಒಂದು ಪಾಲು ಬೂದಿ ಹಾಕು.”