ಕೋಲಿನ ಇನ್ನೊಂದು ತುದಿ

"ಗುರುಗಳೇ, ಒಳ್ಳೆಯ ಮಸೂದೆಗೆ ಒಬ್ಬನಾದರೂ ಜೊತೆಗೂಡಬಾರದೇ? ಮೂರು ವರ್ಷದಿಂದ ಸಭೆಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದೇನೆ. ಅವರೇನು ಕಿವುಡರೇ?" ಎಂದು ಶಾಸಕನಾಗಿದ್ದ ಶಿಷ್ಯ ಕೇಳಿದ. ಹೆಗಲ ಮೇಲಿನ ಶಲ್ಯ ಕಿತ್ತು ನೆಲಕ್ಕೆ ಹಾಕಿ ಕುಳಿತ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಕಟ್ಟಳೆ ಮಾಡಲು ಒಂಬತ್ತು ಜನರ ಸಭೆಯಿತ್ತು. ಹೊಸ ಕಟ್ಟಳೆ ಬೇಕೆನ್ನುವವನು ಎದ್ದು ಸಭೆಯ ಕೋಲಿನ ಒಂದು ತುದಿ ಹಿಡಿಯಬೇಕು. ಇನ್ನೊಬ್ಬ ಬಂದು ಮತ್ತೊಂದು ತುದಿ ಹಿಡಿದರೆ ಮಾತು ಮುಂದಕ್ಕೆ. ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು.

ಆ ಸಭೆಯಲ್ಲಿ ಒಬ್ಬ ಕುಂಬಾರನಿದ್ದ. ಊರಬಾವಿಗೆ ಕಟ್ಟೆಯಿರಲಿಲ್ಲ. ನೀರು ಸೇದಲು ಹೋದ ಅವನ ಮಗಳು ಕಾಲು ಜಾರಿ ಒಳಗೆ ಬಿದ್ದು, ಹಗ್ಗ ಹಿಡಿದು ಹೇಗೋ ಜೀವ ಉಳಿಸಿಕೊಂಡಳು. ಕುಂಬಾರ ಕೋಲು ಹಿಡಿದು, "ಬಾವಿಗೆ ಕಟ್ಟೆ ಕಟ್ಟಿಸೋಣ" ಎಂದ. ಯಾರೂ ಏಳಲಿಲ್ಲ. ಮುಂದಿನ ಸಭೆಯಲ್ಲೂ ಹೇಳಿದ, ಅದರ ಮುಂದಿನದರಲ್ಲೂ ಹೇಳಿದ. ಒಬ್ಬನೇ ಕೋಲು ಹಿಡಿದು ನಿಂತೂ ನಿಂತೂ ತೋಳು ಸೋತಿತು. ಅದೇ ದಿನ ಒಬ್ಬ ವ್ಯಾಪಾರಿ ಎದ್ದು, ಸಂತೆಗೆ ಬರುವ ಕತ್ತೆಗಳಿಗೆಲ್ಲ ಗೆಜ್ಜೆ ಕಟ್ಟಬೇಕು ಎಂದ. ಕೋಲಿನ ತುದಿಗೆ ನಾಲ್ಕು ಜನ ಕೈ ಹಾಕಿದರು. "ನಿಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ" ಎಂದು ಗೊಣಗುತ್ತ ಕುಂಬಾರ ಮನೆಗೆ ಹೋದ.

ಮಳೆಗಾಲ ಬಂತು. ಸಭೆಯಲ್ಲಿ ಅವನ ಪಕ್ಕದಲ್ಲೇ ಕೂರುವ ರೈತನ ಗಾಡಿ ದಾರಿಗಡ್ಡವಾಗಿ ಕೆಸರಲ್ಲಿ ಹೂತಿತ್ತು. ಅದು ಏಳದೆ ಕುಂಬಾರನೂ ಮುಂದೆ ಹೋಗುವಂತಿರಲಿಲ್ಲ. ಬೈದುಕೊಳ್ಳುತ್ತಲೇ ಚಕ್ರಕ್ಕೆ ಹೆಗಲು ಕೊಟ್ಟ. ಇಬ್ಬರೂ ಸೊಂಟದವರೆಗೆ ಕೆಸರಾದರು. ರೈತ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟ.

ಮುಂದಿನ ಸಭೆಯಲ್ಲಿ ಕುಂಬಾರ ಮತ್ತೆ ಕೋಲು ಎತ್ತಿದ. ಬಾಯಿ ತೆರೆಯುವ ಮೊದಲೇ ರೈತ ಬಂದು ಆ ತುದಿ ಹಿಡಿದ.

ಕುಂಬಾರನಿಗೆ ಸಿಟ್ಟು ನೆತ್ತಿಗೇರಿತು. "ಏನಯ್ಯಾ, ನಾನಿನ್ನೂ ಏನೂ ಹೇಳಿಲ್ಲವಲ್ಲ! ಮೂರು ಸಲ ಬಾಯಿ ಬಡಿದುಕೊಂಡಾಗ ಎಲ್ಲಿಗೆ ಹೋಗಿದ್ದೆ?"

"ಇಲ್ಲೇ ಇದ್ದೆ ಮಾರಾಯ. ಆಗ ನೀನು ಯಾರೋ ಏನೋ. ಈಗ ಹೇಳು, ಯಾವ ಬಾವಿ?"

ಆ ವರ್ಷ ಬಾವಿಗೆ ಕಟ್ಟೆ ಬಂತು.

ಇಷ್ಟು ಕೇಳಿದರೂ ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಇದು ನ್ಯಾಯವೇ ಗುರುಗಳೇ? ಮೊದಲ ದಿನವೂ ಬಾವಿ ಅದೇ ಬಾವಿ. ಮಾತು ಸರಿಯಿದ್ದ ಮೇಲೆ ಕಂಡವರ ಗಾಡಿ ಯಾಕೆ ನೂಕಬೇಕು?"

"ನೂಕಬೇಡ ಬಿಡಪ್ಪ. ಈ ಮೂರು ವರ್ಷದಲ್ಲಿ ನೀನು ಯಾರ ಕೋಲಿನ ಇನ್ನೊಂದು ತುದಿ ಹಿಡಿದೆ, ಅದನ್ನು ಹೇಳು" ಎಂದರು ಗುರುಗಳು.