ಮೊಟ್ಟೆ ಪೆಟ್ಟಿಗೆಯ ಕಾಯಿಲ್

ಕತೆ ಹೇಳಿ ರೂಢಿಯಿಲ್ಲ, ಮಕ್ಕಳೇ. ಎಲ್ಲಾದರೂ ಎಡವಿದರೆ ಮನ್ನಿಸಿಬಿಡಿ.

ಸಾವಂತ್ರಿಯ ಮನೆಯಲ್ಲಿ ಒಂದು ಪೆಟ್ಟಿಗೆಯಿತ್ತು. ಕೋಳಿ ಕೂರದೆಯೇ ಮೊಟ್ಟೆಗಳನ್ನು ಮರಿ ಮಾಡುವ ಪೆಟ್ಟಿಗೆ. ಅದರೊಳಗೆ ತಂತಿಯ ಸುರುಳಿ, ಅಂದರೆ ಕಾಯಿಲ್. ಕರೆಂಟು ಹರಿದರೆ ಕಾಯಿಲ್ ಬಿಸಿಯಾಗುತ್ತದೆ. ಆ ಬಿಸಿಯೇ ಮೊಟ್ಟೆಗೆ ಕಾವು.

ಮೊದಲ ಸಲ ಓಣಿಯವರಿಂದ ತಂದಿಟ್ಟ ಮೊಟ್ಟೆಗಳು ಒಳಗೇ ಬೆಂದುಹೋದವು. "ಮರಿ ಕೇಳಿದ್ರ ಕುದಿಸಿದ ತತ್ತಿ ಕೊಟ್ಟಳು" ಎಂದು ಓಣಿಯವರು ನಕ್ಕರು. ಆದರೂ ನೆರೆಮನೆಯ ಹುಸೇನಬಿ ಮನಸ್ಸು ಮಾಡಿ ತನ್ನ ಜವಾರಿ ಕೋಳಿಯ ಮೊಟ್ಟೆಗಳನ್ನು ತಂದುಕೊಟ್ಟಳು.

"ಇವೂ ಕೆಟ್ಟರ ಈ ಪೆಟಿಗಿ ಒಲಿಗೆ ಹಾಕವ್ವ" ಎಂದಳು.

ಮೊಟ್ಟೆ ಇಟ್ಟ ಸ್ವಲ್ಪ ಹೊತ್ತಿಗೇ ಥರ್ಮಾಮೀಟರಿನ ಪಾದರಸ ಮಿತಿ ಮೀರಿ ಏರತೊಡಗಿತು. ಸಾವಂತ್ರಿ ಗಾಬರಿಯಾಗಿ ಸ್ವಿಚ್ ಆರಿಸಿದಳು. ಮೊಟ್ಟೆಗಳನ್ನು ತೆಗೆದು, ಕಾವು ಆರದಂತೆ ಕೌದಿಯಲ್ಲಿ ಸುತ್ತಿಟ್ಟಳು.

ಅವಳ ಕಾಕಾ ಯಮನೂರಪ್ಪ ಇಕ್ಕಳ ಹಿಡಿದು ಬಂದ. ಕಾಯಿಲ್ ತುಂಡಾದಾಗಲೆಲ್ಲ ಸುಟ್ಟ ಭಾಗವನ್ನು ಕತ್ತರಿಸಿ ಎಸೆದು, ಉಳಿದದ್ದನ್ನು ಹುರಿ ಮಾಡಿ ಜೋಡಿಸುತ್ತಿದ್ದವನು ಅವನೇ.

"ಇನ್ನೊಂದು ಗೇಣು ಕತ್ತರಸ್ತೀನಿ. ತಂತಿ ಕಮ್ಮಿ ಆದ್ರ ಬಿಸಿನೂ ಕಮ್ಮಿ."

"ಕಾಕಾ, ತಡಿ. ಮೊದಲು ಅಳತಿ ನೋಡೂಣು."

"ಅಳತಿ ಯಾಕವ್ವ? ಉರಿ ಹೆಚ್ಚಾದ್ರ ಒಲಿಯಿಂದ ಕಟಿಗಿ ಎಳಿಯೂದಿಲ್ಲೇನು?"

ಮಾತು ಸರಿಯೆಂದೇ ಸಾವಂತ್ರಿಗೆ ಅನಿಸಿತು. ಆದರೆ ಕೌದಿಯತ್ತ ನೋಡಿದಳು. ಈ ಸಲ ತಪ್ಪಿದರೆ ಯಾರೂ ಮೊಟ್ಟೆ ಕೊಡುವುದಿಲ್ಲ. ಅವಳು ಮೀಟರು ತಂದು, ಸ್ವಿಚ್ ಹಾಕಿ ಅಳೆದು, ಮತ್ತೆ ಆರಿಸಿದಳು.

ವೋಲ್ಟೇಜು 240. ಕರೆಂಟು ಮೂರು ಆಂಪಿಯರ್. ಎರಡನ್ನೂ ಗುಣಿಸಿದರೆ ಪವರ್, ಅಂದರೆ ಬಿಸಿ ಎಷ್ಟು ಜೋರಾಗಿ ಹುಟ್ಟುತ್ತಿದೆ ಎಂಬುದು, ಸಿಗುತ್ತದೆ. 720 ವ್ಯಾಟ್ ಬಂತು. ಪೆಟ್ಟಿಗೆಯ ಮೇಲೆ ಬರೆದಿದ್ದಂತೆ ಅದಕ್ಕೆ ಬೇಕಾದದ್ದು ಇದರ ಅರ್ಧ, 360.

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ರೋಧವೆಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ. ಅದು 80 ಓಮ್ ಇತ್ತು. ಮನೆಗೆ ಬರುವ ವೋಲ್ಟೇಜು ಬದಲಾಗದು, ಹಾಗಾಗಿ ಪವರ್ ಅರ್ಧವಾಗಬೇಕಾದರೆ ಕರೆಂಟು ಒಂದೂವರೆ ಆಂಪಿಯರಿಗೆ ಇಳಿಯಬೇಕು. 240ನ್ನು ಒಂದೂವರೆಯಿಂದ ಭಾಗಿಸಿದಳು. 160! ರೋಧ ಎರಡು ಪಟ್ಟಾಗಬೇಕು.

"ಕಾಕಾ, ಕತ್ತರಸೂದಲ್ಲ! ಇಷ್ಟೇ ಉದ್ದ ತಂತಿ ಇನ್ನೂ ಸೇರಿಸಬೇಕು. ನೀ ಕತ್ತರಿಸಿ ಕತ್ತರಿಸಿ ತಡೆ ಕಮ್ಮಿ ಆಗೇದ, ಕರೆಂಟು ನುಗ್ಗಾಕತ್ತೇದ."

"ತಂತಿ ಹೆಚ್ಚಾದ್ರ ಬಿಸಿ ಕಮ್ಮಿ? ಹೊರಗ ಹೇಳಬ್ಯಾಡ, ನಗ್ತಾರ!"

ಅವಳು ಅದೇ ಬಗೆಯ, ಅಷ್ಟೇ ಉದ್ದದ ಕಾಯಿಲನ್ನು ತುದಿಗೆ ತುದಿ ಜೋಡಿಸಿದಳು. ಸ್ವಿಚ್ ಹಾಕಿದಳು. ಮೀಟರು ಒಂದೂವರೆ ತೋರಿಸಿತು. ಪಾದರಸ ಏರಿತು, ಏರಿತು, ಬೇಕಾದಲ್ಲೇ ನಿಂತಿತು. ಕಾಕಾ ಬಗ್ಗಿ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಅದು ಅಲುಗಲೇ ಇಲ್ಲ. ಆಗ ಮೊಟ್ಟೆಗಳು ಒಳಗೆ ಹೋದವು.

ಕಾವಿನ ದಿನಗಳು ಮುಗಿದ ಬೆಳಗ್ಗೆ ಪೆಟ್ಟಿಗೆಯೊಳಗೆ ಚಿಂವ್ ಚಿಂವ್ ಸದ್ದು. ಕಾಕಾ ಚಪ್ಪಲಿ ಮೆಟ್ಟದೆ ಓಣಿಗೆ ಓಡಿದ.

"ಹುಸೇನಬೀ, ಬುಟ್ಟಿ ತಗೊಂಡು ಬಾರವ್ವ! ದೊಡ್ಡದು ತಾ! ನಮ್ಮ ಸಾವಂತ್ರಿ ಗೆದ್ದಳು!"

ನೀತಿ: ಕಣ್ಣಿಗೆ ಸರಿ ಕಂಡಿತೆಂದು ಕತ್ತರಿಸಬೇಡಿ. ಅಳೆದು, ಲೆಕ್ಕ ಹಾಕಿ ಕೈಹಾಕಿದ ಕೆಲಸವೇ ಗೆಲ್ಲುತ್ತದೆ.

ಇನ್ನೊಂದು ವಿಷಯ, ಮಕ್ಕಳೇ. ಒಲೆಯಲ್ಲಿ ಕಟ್ಟಿಗೆಯೇ ಉರಿಯುತ್ತದೆ, ಕಾಯಿಲಿನಲ್ಲಿ ತಂತಿ ಉರಿಯುವುದಿಲ್ಲ. ಅಲ್ಲಿ ಬಿಸಿ ಹುಟ್ಟುವುದು ಹೇಗೆಂದರೆ, ಕರೆಂಟು ತಂತಿಯೊಳಗೆ... ಅಗೋ, ಮನೆಯೊಳಗಿಂದ ಕರೆಯುತ್ತಿದ್ದಾರೆ. ಬಂದೆ, ಬಂದೆ!